ಮೈಕ್ ಕೊಟ್ಟಿದ್ದು ನಾನೇ. ಈಗ ಅವಳ ಜೊತೆ ಹೇಗೆ ನಿಲ್ಲಲಿ?

ಒಕ್ಕೂಟದಕ್ಕ, ಹಾವೇರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ನಾನು ಹಾವೇರಿ ಜಿಲ್ಲೆಯಲ್ಲಿ ಮಹಿಳಾ ಸಂಘಗಳ ಒಂದು ಚಿಕ್ಕ ಒಕ್ಕೂಟದಲ್ಲಿ ಕೆಲಸ ಮಾಡುತ್ತೇನೆ. ಒಂಬತ್ತು ವರ್ಷ ಆಯ್ತು. ಇಪ್ಪತ್ತೆರಡು ಸಂಘ, ಒಂದು ಬಾಡಿಗೆ ಕೋಣೆ, ಒಂದು ಕಬ್ಬಿಣದ ಬೀರು. ಅಷ್ಟೇ ನಮ್ಮ ಆಸ್ತಿ.

ನಮ್ಮ ಸಂಘದ ಒಬ್ಬ ಹೆಣ್ಣುಮಗಳ ಬಗ್ಗೆ ಕೇಳಬೇಕಿದೆ. ಊರು, ವಯಸ್ಸು, ಇನ್ನೂ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವಳನ್ನು ತಂಗಿ ಅಂತ ಕರೆಯುತ್ತೇನೆ. ಬರೆಯುವ ಮುಂಚೆ ಅವಳನ್ನೇ ಕೇಳಿದೆ. "ಬರೀರಿ ಅಕ್ಕಾರ, ಆದ್ರ ನನ್ನ ಅಳುಬುರುಕಿ ಮಾಡಬ್ಯಾಡ್ರಿ" ಅಂದಳು.

ನಾಲ್ಕು ವರ್ಷದ ಹಿಂದೆ ಅವಳ ಮೇಲೆ ಅತ್ಯಾಚಾರ ಆಯ್ತು. ಮಾಡಿದವನು ಪರಿಚಯದವನೇ. ದೂರು ಕೊಟ್ಟಳು. ಕೇಸು ಇನ್ನೂ ನಡೆಯುತ್ತಿದೆ. ಗಂಡ ಬಿಟ್ಟು ಹೋದ. ಅವಳು ತವರಿಗೆ ಬಂದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿದಳು. ಬ್ಯಾಡಗಿ ಕಡೆ ಈ ಕೆಲಸ ನೋಡಿದವರಿಗೆ ಗೊತ್ತು. ದಿನವಿಡೀ ಕೂತು ಬಿಡಿಸಬೇಕು, ಕೆಜಿ ಲೆಕ್ಕದಲ್ಲಿ ಕೂಲಿ. ಸಂಜೆ ಕೈ ಎಷ್ಟು ಉರಿಯುತ್ತದೆ ಅಂದ್ರೆ ಮಗುವಿನ ಕೆನ್ನೆ ಮುಟ್ಟೋಕೂ ಹೆದರಿಕೆ.

ಅವಳು ಅಲ್ಲಿ ಮಾಡಿದ ಒಂದು ಕೆಲಸ ಹೇಳುತ್ತೇನೆ. ಕಾಯಿ ತೂಗುವಾಗ ಬುಟ್ಟಿಯ ತೂಕ ಅಂತ ಎರಡು ಕೆಜಿ ಕಳೆಯುತ್ತಿದ್ದರು. ಎಷ್ಟೋ ವರ್ಷದಿಂದ ಹೀಗೇ. ಯಾರೂ ಕೇಳಿರಲಿಲ್ಲ. ಒಂದು ದಿನ ಅವಳು ಖಾಲಿ ಬುಟ್ಟಿಯನ್ನು ತಲೆ ಮೇಲೆ ಇಟ್ಟುಕೊಂಡು ಸೀದಾ ಕಿರಾಣಿ ಅಂಗಡಿಗೆ ಹೋಗಿ ತೂಗಿಸಿದಳು. ಒಂದು ಕೆಜಿ ನೂರು ಗ್ರಾಂ. ಅಂಗಡಿಯವನ ಹತ್ತಿರ ಚೀಟಿ ಬರೆಸಿಕೊಂಡು ಬಂದು, ಮೂವತ್ತು ಹೆಂಗಸರ ಎದುರು ಓದಿದಳು. ಜಗಳ ಆಡಲಿಲ್ಲ, ಓದಿದಳು ಅಷ್ಟೇ. ಮರುದಿನದಿಂದ ಒಂದೂಕಾಲು ಕೆಜಿ ಕಳೆಯಲು ಶುರು ಮಾಡಿದರು. ಆ ನೂರೈವತ್ತು ಗ್ರಾಂ ಯಾಕೆ ಅಂತ ಅವಳು ಇನ್ನೂ ಕೇಳುತ್ತಲೇ ಇದ್ದಾಳೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಾರ್ಚ್ 8ಕ್ಕೆ ಕಾರ್ಯಕ್ರಮ ಇತ್ತು. ತಂಗಿ ಬುಟ್ಟಿಯ ವಿಷಯ ಮಾತಾಡೋಕೆ ತಯಾರಾಗಿ ಬಂದಿದ್ದಳು. ನೋಟ್‌ಬುಕ್ ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡಿದ್ದಳು. ಬಂದಿದ್ದ ಅತಿಥಿಯೊಬ್ಬರು, "ನೊಂದ ಮಹಿಳೆಯರು ಯಾರಾದ್ರೂ ಇದ್ರೆ ಅನುಭವ ಹಂಚಿಕೊಳ್ಳಲಿ" ಅಂದರು. ಹೆಂಗಸರೆಲ್ಲ ಅವಳ ಕಡೆ ತಿರುಗಿದರು. ನಾನು ಮೈಕ್ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಆ ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಡೆದದ್ದನ್ನು ಹೇಳಿದಳು. ನಾಲ್ಕೈದು ನಿಮಿಷ. ಜನ ಅತ್ತರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸಂಜೆಯೊಳಗೆ ಯಾರೋ ಮಾಡಿದ ವಿಡಿಯೋ ಮೂರು ವಾಟ್ಸಾಪ್ ಗ್ರೂಪಿಗೆ ಹೋಗಿತ್ತು. ಹುಬ್ಬಳ್ಳಿಯಲ್ಲಿರುವ ಅವಳ ಅಣ್ಣನಿಗೂ ಹೋಯ್ತು.

ಎರಡು ವಾರ ಅವಳು ಮನೆಯಿಂದ ಹೊರಗೆ ಬರಲಿಲ್ಲ. ಮೂರನೇ ವಾರ ಬಂದಳು. ಬಂದವಳೇ, "ಒಕ್ಕೂಟದ ಕಾರ್ಯದರ್ಶಿ ಜಾಗಕ್ಕ ನಾನು ನಿಲ್ತೀನ್ರಿ" ಅಂದಳು.

ನನಗೆ ಖುಷಿಯೂ ಆಯ್ತು, ಭಯವೂ ಆಯ್ತು. ಕೆಲವರು "ಅವಳ ಮನಸ್ಸೇ ನೆಟ್ಟಗಿಲ್ಲ, ಇನ್ನೊಬ್ಬರನ್ನ ಏನು ನೋಡ್ತಾಳೆ" ಅನ್ನುತ್ತಾರೆ. ಇನ್ನು ಕೆಲವರು "ಅವಳನ್ನೇ ಮಾಡಿ, ಅವಳ ಕಥೆ ಕೇಳಿದ್ರೆ ಪ್ರಾಜೆಕ್ಟ್ ಸಿಗುತ್ತದೆ" ಅನ್ನುತ್ತಾರೆ. ಎರಡನೇ ಮಾತಿಗೆ ನನಗೆ ಜಾಸ್ತಿ ಸಿಟ್ಟು ಬಂತು, ಯಾಕಂದ್ರೆ ಮಾರ್ಚ್ 8ರಂದು ನಾನೂ ಹಾಗೇ ನಡೆದುಕೊಂಡೆ ಅಲ್ವಾ?

ಇಂಥ ಹೆಣ್ಣುಮಗಳು ಮುಂದೆ ಬರುವಾಗ ನಾವು ಜೊತೆಗಿರುವುದು ಹೇಗೆ? ಎಲ್ಲಿ ಕೈ ಹಿಡಿಯಬೇಕು, ಎಲ್ಲಿ ಬಿಡಬೇಕು? ಆ ವಿಡಿಯೋ ಏನು ಮಾಡಲಿ? ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ.

---

ಕರಿಕೋಟು, ಧಾರವಾಡ

ಮೊದಲು ವಿಡಿಯೋ ವಿಷಯ, ಯಾಕಂದ್ರೆ ಅದು ಇವತ್ತೇ ಆಗಬೇಕಾದ ಕೆಲಸ.

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಗೊತ್ತಾಗುವಂಥ ಏನನ್ನೂ ಪ್ರಕಟಿಸುವ ಹಾಗಿಲ್ಲ. ಹಿಂದೆ ಇದು ಐಪಿಸಿ 228ಎ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ. ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಹೆಸರು ಹಾಕಿಲ್ಲ, ಬರೀ ಮುಖ ಇದೆ ಅಂದ್ರೂ ಅದೇ ಲೆಕ್ಕ. ವಯಸ್ಕ ಹೆಣ್ಣುಮಗಳು ತಾನೇ ಒಪ್ಪಿದರೆ ಪ್ರಕಟಿಸಬಹುದು, ಆದರೆ ಆ ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕು. ಸಭೆಯಲ್ಲಿ ಮೈಕ್ ಹಿಡಿದಳು ಅನ್ನುವುದು ವಿಡಿಯೋ ಹಂಚಲು ಕೊಟ್ಟ ಒಪ್ಪಿಗೆ ಅಲ್ಲ. ಆ ಮೂರು ಗ್ರೂಪಿನ ಅಡ್ಮಿನ್‌ಗಳಿಗೆ ಈ ಕಲಂ ಹೆಸರು ಹೇಳಿ ಒಂದು ಮೆಸೇಜ್ ಹಾಕಿ. ಬಹಳಷ್ಟು ಜನ ಅಷ್ಟಕ್ಕೇ ಅಳಿಸುತ್ತಾರೆ. ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅಳಿಸದಿದ್ದರೆ ದೂರಿಗೆ ಬೇಕಾಗುತ್ತದೆ. ದೂರು ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವವಳು ಅವಳು, ನೀವಲ್ಲ.

ಎರಡನೆಯದು. ಕೇಸು ನಡೆಯುತ್ತಿದೆ ಅಂದಿರಿ. ಅವಳ ಪಾಟೀಸವಾಲು ಮುಗಿದಿದೆಯಾ? ಮುಗಿದಿಲ್ಲ ಅಂದ್ರೆ ದಯವಿಟ್ಟು ಎಲ್ಲಿಯೂ ಘಟನೆಯ ವಿವರ ಹೇಳಿಸಬೇಡಿ. ಇಂಥ ಪ್ರಕರಣದ ವಿಚಾರಣೆ ಬಾಗಿಲು ಹಾಕಿ ನಡೆಯುತ್ತದೆ. ಅಂಥದ್ದರಲ್ಲಿ ನೀವು ಶಾಮಿಯಾನ ಹಾಕಿ ಹೇಳಿಸಿದ್ದೀರಿ. ಗಾಬರಿಯಲ್ಲಿ ಸಮಯವನ್ನೋ ಜಾಗವನ್ನೋ ಒಂಚೂರು ಹಿಂದೆ ಮುಂದೆ ಹೇಳಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ. ನಾನೂ ಎದುರಿನ ಕಡೆ ನಿಂತು ಎಳೆದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಸರ್ಕಾರಿ ವಕೀಲರಿಗೆ ವಿಡಿಯೋ ವಿಷಯ ಈಗಲೇ ತಿಳಿಸಿ. ಆರೋಪಿ ಕಡೆಯವರು ಹೆದರಿಸುತ್ತಿದ್ದರೆ ಸಾಕ್ಷಿ ರಕ್ಷಣಾ ಯೋಜನೆ ಇದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಅರ್ಜಿ ನೋಡುತ್ತದೆ.

ಇನ್ನೊಂದು ಮಾತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಅದೇ ಪ್ರಾಧಿಕಾರ ಊರಿನವರನ್ನೇ ಅರೆ ಕಾನೂನು ಸ್ವಯಂಸೇವಕರಾಗಿ ತರಬೇತಿ ಕೊಟ್ಟು ತೆಗೆದುಕೊಳ್ಳುತ್ತದೆ. ಗುರುತಿನ ಚೀಟಿ ಇರುತ್ತದೆ, ಕೆಲಸ ಮಾಡಿದ ದಿನಕ್ಕೆ ಗೌರವಧನ ಇರುತ್ತದೆ. ಬುಟ್ಟಿ ತೂಗಿಸಿ ಚೀಟಿ ಬರೆಸಿಕೊಂಡು ಬಂದ ಹೆಂಗಸು ಅಂದ್ರಲ್ಲ, ಸಾಕ್ಷ್ಯ ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಕೇಸು ಮುಗಿದ ಮೇಲೆ ಈ ದಾರಿಯನ್ನೂ ತೋರಿಸಿ.

---

ಸುಮ್ನೆ ಓದುಗ

ತಪ್ಪು ತಿಳಿಯಬೇಡಿ ಮೇಡಂ. ಆ ಹುಡುಗಿ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಊರಲ್ಲಿ ಇಷ್ಟಾದ ಮೇಲೆ ಮತ್ತೆ ಮುಂದೆ ನಿಲ್ಲಿಸಿ ಹೆಸರು ಯಾಕೆ? ಒಂದು ಹೊಲಿಗೆ ಮಷಿನ್ ಕೊಡಿಸಿ, ಮನೆಯಲ್ಲೇ ನೆಮ್ಮದಿಯಾಗಿ ಇರಲಿ.

---

ಒಕ್ಕೂಟದಕ್ಕ, ಹಾವೇರಿ

ಅಣ್ಣ, ನಮ್ಮ ಕೋಣೆಯಲ್ಲಿ ಈಗಾಗಲೇ ಹೀಗೆ ಬಂದ ಐದು ಹೊಲಿಗೆ ಮಷಿನ್ ಇವೆ. ಎರಡಕ್ಕೆ ಬೆಲ್ಟ್ ಇಲ್ಲ. ಅವಳು ಹೊಲಿಗೆ ಕೇಳಿಲ್ಲ, ಕಾರ್ಯದರ್ಶಿ ಜಾಗ ಕೇಳಿದ್ದಾಳೆ.

ಕರಿಕೋಟು ಮೇಡಂ, ಪಾಟೀಸವಾಲು ಮುಗಿದಿಲ್ಲ. ನಿಮ್ಮ ಉತ್ತರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಯೇ ಸರ್ಕಾರಿ ವಕೀಲರಿಗೆ ಹೇಳಿ ಬಂದೆವು. ಎರಡು ಗ್ರೂಪಲ್ಲಿ ಅಳಿಸಿದ್ದಾರೆ.

---

ಮೂರನೇ ವಾರ್ಡ್

ಅಕ್ಕ, ನಾನು ಬೆಳಗಾವಿ ಜಿಲ್ಲೆಯವಳು. ಗ್ರಾಮ ಪಂಚಾಯಿತಿಗೆ ಎರಡು ಸಲ ಆರಿಸಿ ಬಂದಿದ್ದೇನೆ. ಹದಿಮೂರು ವರ್ಷದ ಹಿಂದೆ ನನಗೂ ಆಗಿದೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ, ಇದಕ್ಕಿಂತ ಜಾಸ್ತಿ ಬರೆಯಬೇಕು ಅಂತ ನನಗೆ ಅನಿಸುತ್ತಿಲ್ಲ.

ನಿಮ್ಮ ಪೋಸ್ಟಲ್ಲಿ ನನಗೆ ಬಹಳ ಹಿಡಿಸಿದ್ದು ಆ ಮಡಚಿದ ಹಾಳೆ. ಅದರಲ್ಲಿ ಏನಿತ್ತು ಅಂತ ಆಮೇಲೆ ಕೇಳಿದಿರಾ? ಕೇಳಿಲ್ಲ ಅಂದ್ರೆ ಅಲ್ಲಿಂದಲೇ ಶುರು ಮಾಡಿ.

ನನಗೆ ಮೊದಲು ಸಿಕ್ಕ ಕೆಲಸ ಸಂಘದ ನಡಾವಳಿ ಪುಸ್ತಕ. ನನ್ನ ಅಕ್ಷರ ದುಂಡಗಿದೆ ಅಂತ ಒಬ್ಬ ಅಜ್ಜಿ ಪುಸ್ತಕವನ್ನು ನನ್ನ ಕಡೆ ತಳ್ಳಿದಳು. ಆ ಅಜ್ಜಿಗೆ ನನ್ನ ವಿಷಯ ಪೂರ್ತಿ ಗೊತ್ತಿತ್ತು, ಒಂದು ದಿನವೂ ಕೇಳಲಿಲ್ಲ. ಒಂದು ವರ್ಷ ನಾನು ಬಾಯಿ ಬಿಡಲಿಲ್ಲ, ಬರೆಯುತ್ತಾ ಕೂತೆ. ಬರೆಯುವವಳಿಗೆ ಯಾರು ಸಾಲ ಕಟ್ಟಿಲ್ಲ, ಯಾರ ಮಾತು ಯಾರು ತುಂಡರಿಸುತ್ತಾರೆ, ಯಾವ ತೀರ್ಮಾನ ಮೂರು ಸಲ ಆಗಿಯೂ ಆಗಿಲ್ಲ, ಎಲ್ಲಾ ಗೊತ್ತಾಗುತ್ತದೆ. ಎರಡನೇ ವರ್ಷ ಬ್ಯಾಂಕಿಗೆ ಹೋಗುವ ಕೆಲಸ. ಮೂರನೇ ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು, ನೀರಿನ ಟ್ಯಾಂಕ್ ಎಷ್ಟು ತಿಂಗಳಿಂದ ತೊಳೆದಿಲ್ಲ ಅಂತ ಕೇಳಿದೆ. ತಾರೀಖು ನನ್ನ ಪುಸ್ತಕದಲ್ಲಿತ್ತು. ಅವತ್ತು ಊರು ನನ್ನನ್ನು ನೋಡಿದ ರೀತಿ ಬೇರೆ ಆಯ್ತು. ಟ್ಯಾಂಕಿನವಳು ಅಂತ ಹೆಸರು ಬಿತ್ತು. ನನಗೆ ಆ ಹೆಸರು ಬಹಳ ಇಷ್ಟ.

ಮೊದಲ ಚುನಾವಣೆಗೆ ನಿಂತಾಗ ಎದುರಿನವರು ಹಳೇ ವಿಷಯ ತೆಗೆದರು. ತೆಗೆದೇ ತೆಗೆಯುತ್ತಾರೆ. ನಿಮ್ಮ ತಂಗಿಗೂ ತೆಗೆಯುತ್ತಾರೆ, ಒಕ್ಕೂಟದ ಚುನಾವಣೆ ಚಿಕ್ಕದು ಅಂತ ಸುಮ್ಮನಿರಲ್ಲ. ಅವತ್ತು ಏನು ಹೇಳಬೇಕು, ಯಾರು ಹೇಳಬೇಕು ಅಂತ ಮುಂಚೆಯೇ ಕೂತು ಮಾತಾಡಿ. ನಮ್ಮ ಸಂಘದವರು ಒಂದೇ ಮಾತು ಇಟ್ಟುಕೊಂಡಿದ್ದರು: "ಅದು ಕೋರ್ಟಿನ ವಿಷಯ, ಟ್ಯಾಂಕಿನ ವಿಷಯ ಮಾತಾಡು." ಹನ್ನೊಂದು ಹೆಂಗಸರು ಹನ್ನೊಂದು ಕಟ್ಟೆ ಮೇಲೆ ಅದೇ ಮಾತು ಹೇಳಿದರು. ನಾನು ಒಂದು ಸಲವೂ ಹೇಳಬೇಕಾಗಲಿಲ್ಲ.

ಇನ್ನು ಕೆಲವು ಸಣ್ಣ ವಿಷಯ. ಸಣ್ಣದು ಅಂತೀನಿ, ಆದರೆ ನಾನು ಬಿಟ್ಟು ಹೋಗಬೇಕು ಅಂತ ಅಂದುಕೊಂಡಾಗಲೆಲ್ಲ ಕಾರಣ ಇವೇ.

ಕತ್ತಲಾದ ಮೇಲೆ ಮುಗಿಯುವ ಮೀಟಿಂಗ್. ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ ಆಯ್ತು, ಒಳ್ಳೆಯದು. ಆದರೆ ಕೊನೇ ಬಸ್ ಇಳಿದು ಮನೆಗೆ ಒಂದೂವರೆ ಕಿಲೋಮೀಟರ್ ಜಾಲಿ ಗಿಡದ ದಾರಿ. ನಾನು ಆ ದಾರಿಗೆ ಹೆದರುತ್ತೇನೆ ಅಂತ ಹೇಳಿದರೆ "ಅಯ್ಯೋ ಇನ್ನೂ ಹೋಗಿಲ್ವಾ ಭಯ" ಅನ್ನುತ್ತಾರೆ. ಅದಕ್ಕೇ ನಾನು ಹೇಳುತ್ತಲೇ ಇರಲಿಲ್ಲ, ಮೀಟಿಂಗಿಗೇ ಹೋಗುತ್ತಿರಲಿಲ್ಲ. ಕಡೆಗೆ ಒಬ್ಬಳಿಗೆ ಅರ್ಥ ಆಗಿ ಮೀಟಿಂಗ್ ಮೂರು ಗಂಟೆಗೆ ಮುಗಿಸಲು ಶುರು ಮಾಡಿದರು. ನೋಡಿದರೆ ಬಾಣಂತಿಯರು, ಎಮ್ಮೆ ಕಟ್ಟಿದವರು ಎಲ್ಲರೂ ಬರತೊಡಗಿದರು.

ಆಟೋ ದುಡ್ಡು ಮುಂಚೆಯೇ ಕೊಡಿ. ಆಮೇಲೆ ಬಿಲ್ ಕೊಟ್ಟು ತಗೋ ಅನ್ನಬೇಡಿ. ಕೂಲಿ ಬಿಟ್ಟು ಬಂದವಳ ಕೈಯಲ್ಲಿ ಅವತ್ತು ಏನೂ ಇರಲ್ಲ, ಇನ್ನೊಬ್ಬರ ಹತ್ತಿರ ಕೇಳಬೇಕು. ಕೇಳುವ ಬದಲು ಮನೆಯಲ್ಲೇ ಉಳಿಯುತ್ತಾಳೆ.

ಆಕೆ ಬರದ ದಿನ "ಯಾಕೆ ಬರಲಿಲ್ಲ" ಅಂತ ಕೇಳಬೇಡಿ. ಕೋರ್ಟಿನ ತಾರೀಖಿನ ಹಿಂದೆ ಮುಂದೆ ನನಗೆ ಮೂರು ದಿನ ಊಟ ಸೇರುತ್ತಿರಲಿಲ್ಲ. ಅವಳ ಕೆಲಸ ಹಂಚಿಕೊಳ್ಳೋಕೆ ಇನ್ನೊಬ್ಬಳನ್ನು ಜೊತೆಗಿಡಿ. ಆಗ ಅವಳಿಲ್ಲದ ದಿನ ಕೆಲಸವೂ ನಿಲ್ಲಲ್ಲ, ಅವಳ ಜಾಗವೂ ಹೋಗಲ್ಲ.

ಕಡೆಯದು ಸ್ವಲ್ಪ ಕಹಿ. ನಾನು ಗಟ್ಟಿಯಾದೆ ಅಂತ ಎಲ್ಲರಿಗೂ ಅನಿಸಿದ ಮೇಲೆ, ತಾಲ್ಲೂಕಿನಲ್ಲಿ ಯಾವ ಹುಡುಗಿಗೆ ಏನಾದರೂ ನನಗೇ ಫೋನ್. "ನಿನಗೆ ಅರ್ಥ ಆಗುತ್ತದೆ, ನೀನೇ ಹೋಗು." ಒಂದು ಸಲ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಹದಿನೈದು ವರ್ಷದ ಹುಡುಗಿ ಜೊತೆ ಆರು ಗಂಟೆ ಕೂತೆ. ಅವಳ ಕೈ ಬಿಡಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಕೂತವಳು ಏಳಲಿಲ್ಲ. ನನ್ನ ಅಮ್ಮ ಬಂದು ನೀರು ಹಾಕಿ ಎಬ್ಬಿಸಿದಳು. ಅರ್ಥ ಆಗುತ್ತದೆ ಅನ್ನುವುದು ನಿಜ. ಅದಕ್ಕೇ ಹೋಗೋಕೆ ಆಗಲ್ಲ ಅನ್ನುವುದೂ ನಿಜ. ಈಗ ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುತ್ತೇನೆ, ನನಗೆ ಆಗುತ್ತದೆ ಅನಿಸಿದಾಗ ಮಾತ್ರ. ಉಳಿದದ್ದಕ್ಕೆ ಮಹಿಳಾ ಸಹಾಯವಾಣಿ 181 ಇದೆ, ಮಕ್ಕಳಿಗೆ 1098 ಇದೆ, ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ. ನನ್ನ ಮನಸ್ಸಿಗೆ ಭಾರ ಆದ ರಾತ್ರಿ ನಾನೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೇನೆ. ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರ ಹೆಸರು ಕೇಳಿರುತ್ತೀರಿ. ಕಬ್ಬೂರಿನವರು. ಏಳು ವರ್ಷಕ್ಕೇ ದೇವದಾಸಿ ಬಿಟ್ಟಿದ್ದರು. 1997ರಲ್ಲಿ ಘಟಪ್ರಭಾದಲ್ಲಿ ಮಾಸ್ ಸಂಸ್ಥೆ ಶುರು ಆಯ್ತು, ಆ ಪದ್ಧತಿಯಿಂದ ಹೊರಗೆ ಬಂದ ಹೆಣ್ಣುಮಕ್ಕಳದ್ದೇ ಸಂಸ್ಥೆ. ಮುಂದೆ ಅದರ ಹೊಣೆ ಅವರೇ ಹೊತ್ತರು. 2018ರಲ್ಲಿ ಪದ್ಮಶ್ರೀ ಬಂತು. ಎಲ್ಲರೂ ಪದ್ಮಶ್ರೀ ಫೋಟೋ ನೋಡುತ್ತಾರೆ. ನಾನು ನೋಡುವುದು ಬೇರೆ: ಅಲ್ಲಿ ಲೆಕ್ಕ ಬರೆಯುವವರು, ಊರೂರು ತಿರುಗುವವರು, ತೀರ್ಮಾನ ಮಾಡುವವರು ಅದೇ ಹೆಣ್ಣುಮಕ್ಕಳು. ಬೇರೆಯವರ ಆಫೀಸಿನಲ್ಲಿ ಉದಾಹರಣೆಯಾಗಿ ಕೂರಿಸಿದವರಲ್ಲ.

ಅಕ್ಕ, ನಿಮ್ಮ ಒಕ್ಕೂಟದ ಚೆಕ್ಕಿಗೆ ಸಹಿ ಯಾರದ್ದು? ಆ ಬೀರುವಿನ ಕೀಲಿ ಯಾರ ಹತ್ತಿರ ಇದೆ?

---

ಎಂಎಸ್‌ಡಬ್ಲ್ಯು ಎರಡನೇ ವರ್ಷ

ಮೂರನೇ ವಾರ್ಡ್ ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಸಮಾಜಕಾರ್ಯದ ಕ್ಲಾಸಿನಲ್ಲಿ ಕಾಂಗೋ ದೇಶದ ಬುಕಾವು ಊರಿನ ಸಿಟಿ ಆಫ್ ಜಾಯ್ ಬಗ್ಗೆ ಓದಿದ್ದೆವು. 2011ರಲ್ಲಿ ಶುರು ಆಗಿದ್ದು. ಯುದ್ಧದ ಸಮಯದಲ್ಲಿ ದೌರ್ಜನ್ಯಕ್ಕೆ ಒಳಗಾದ ಸುಮಾರು 90 ಹೆಣ್ಣುಮಕ್ಕಳು ಒಂದು ತಂಡದಲ್ಲಿ ಆರು ತಿಂಗಳು ಅಲ್ಲೇ ಇದ್ದು ಕಲಿಯುತ್ತಾರೆ. ಓದು ಬರಹ, ಹಕ್ಕು, ಆತ್ಮರಕ್ಷಣೆ, ಬೇಸಾಯ. ಆಮೇಲೆ ತಮ್ಮ ಊರಿಗೆ ಹೋಗಿ ಮುಂದಾಳುಗಳಾಗಬೇಕು ಅನ್ನುವುದು ಉದ್ದೇಶ. 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಡಾಕ್ಟರ್ ಡೆನಿಸ್ ಮುಕ್ವೆಗೆ ಅವರ ಪಾಂಜಿ ಆಸ್ಪತ್ರೆಯ ಜೊತೆ ಇದಕ್ಕೆ ನಂಟಿದೆ. ಆ ಪ್ರಶಸ್ತಿ ಹಂಚಿಕೊಂಡ ನಾದಿಯಾ ಮುರಾದ್ ಅಂತೂ ಸ್ವತಃ ಇಂಥ ದೌರ್ಜನ್ಯದಿಂದ ಪಾರಾಗಿ ಬಂದವರು. ನಮ್ಮಲ್ಲೂ ಇಂಥ ಒಂದು ತರಬೇತಿ ಕೇಂದ್ರ ಇದ್ದರೆ ಚೆನ್ನಾಗಿರುತ್ತಲ್ವಾ?

---

ಹಳೇ ಸಹಯೋಗಿನಿ, ವಿಜಯಪುರ

ಚೆನ್ನಾಗಿರುತ್ತದೆ ಮಗಳೇ, ಬೇಡ ಅನ್ನಲ್ಲ. ಆದರೆ ಹಾವೇರಿಯ ಆ ಹುಡುಗಿಯನ್ನು ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿ ಸೀಸನ್‌ನಲ್ಲಿ ಮನೆ ಬಿಡಿಸಿದರೆ ವರ್ಷದ ಗಂಜಿ ಎಲ್ಲಿಂದ ಬರಬೇಕು? ಅಲ್ಲಿ ಯುದ್ಧದಿಂದ ಮನೆಯೇ ಹೋದವರು. ಇಲ್ಲಿ ಮನೆ, ಮಗು, ಸಾಲ, ಆರೋಪಿಯ ಮನೆ ಎಲ್ಲಾ ಒಂದೇ ಓಣಿಯಲ್ಲಿ. ನಮ್ಮ ಕೆಲಸ ಓಣಿಯಲ್ಲೇ ಆಗಬೇಕು.

ನಾನು ಮಹಿಳಾ ಸಮಾಖ್ಯದಲ್ಲಿ, ಅಂದ್ರೆ ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರದ ಕಾರ್ಯಕ್ರಮದಲ್ಲಿ, ಸಹಯೋಗಿನಿ ಆಗಿದ್ದೆ. 1989ರಲ್ಲಿ ನಮ್ಮ ಕಡೆ ಶುರು ಆದಾಗ ಸೇರಿದವಳು. ಒಬ್ಬೊಬ್ಬಳಿಗೆ ಹತ್ತು ಹಳ್ಳಿ. ಕಾಲ್ನಡಿಗೆ, ಆಮೇಲೆ ಸೈಕಲ್. ಹೆಂಗಸು ಸೈಕಲ್ ಹೊಡೆದರೆ ಮಳೆ ಬರಲ್ಲ ಅಂತ ಒಂದು ಊರಲ್ಲಿ ಹೇಳಿದರು. ಅವರ ಪುಣ್ಯಕ್ಕೆ ಆ ವರ್ಷ ಬಂತು.

ನಾನು ಬರೆಯೋಕೆ ಬಂದದ್ದು ರಾಜಸ್ಥಾನದ ಭಂವರಿ ದೇವಿಯ ವಿಷಯ. ಈಗಿನವರಿಗೆ ವಿಶಾಖಾ ಅಂದರೆ ಗೊತ್ತು, ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಫೀಸಿನಲ್ಲಿ ಸಮಿತಿ ಇರಬೇಕು ಅಂತ 1997ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಅದು 2013ರಲ್ಲಿ ಕಾಯ್ದೆ ಆಯ್ತು. ಆ ಕೇಸಿನ ಬೇರು ಜೈಪುರದ ಹತ್ತಿರದ ಭಟೇರಿ ಅನ್ನುವ ಹಳ್ಳಿಯಲ್ಲಿದೆ. ಭಂವರಿ ಅಲ್ಲಿ ಸಾಥಿನ್, ನಮ್ಮ ಹಾಗೇ ಊರೂರು ತಿರುಗುವ ಕಾರ್ಯಕರ್ತೆ. ಕುಂಬಾರರ ಮನೆಯವಳು. ಒಂದು ವರ್ಷವೂ ತುಂಬದ ಕೂಸಿನ ಮದುವೆ ತಡೆಯಲು ಹೋದಳು. 1992ರ ಸೆಪ್ಟೆಂಬರಿನಲ್ಲಿ, ಗಂಡನ ಎದುರೇ, ಗುಂಪಾಗಿ ಅವಳ ಮೇಲೆ ಅತ್ಯಾಚಾರ ಮಾಡಿದರು. ಸರಿಯಾಗಿ ಗಮನಿಸಿ. ಅವಳು ದೌರ್ಜನ್ಯ ಆದ ಮೇಲೆ ಮುಂದಾಳು ಆದವಳಲ್ಲ. ಮುಂದಾಳಾಗಿದ್ದಕ್ಕೇ ದೌರ್ಜನ್ಯ ಆಯ್ತು. ಆದ ಮೇಲೂ ಕೆಲಸ ಬಿಡಲಿಲ್ಲ.

ಆ ಸುದ್ದಿ ನಮ್ಮ ಮೀಟಿಂಗಿಗೆ ಬಂದಾಗ ನಾವು ಯಾರೂ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಯಾಕಂದ್ರೆ ಬಾಲ್ಯವಿವಾಹ ನಿಲ್ಲಿಸೋಕೆ ನಾವೂ ಹೋಗುತ್ತಿದ್ದೆವು. ಒಬ್ಬೊಬ್ಬರೇ ಹೋಗುತ್ತಿದ್ದೆವು. ಆಮೇಲೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟೆವು.

1995ರಲ್ಲಿ ಕೆಳ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ದೇಶದ ಹೆಣ್ಣುಮಕ್ಕಳಿಗೆ ಅವಳಿಂದ ಕಾನೂನು ಸಿಕ್ಕಿತು, ಅವಳಿಗೆ ನ್ಯಾಯ ಸಿಗಲಿಲ್ಲ. ಊರಿನವರು ಅವಳ ಮನೆಯ ಮಡಕೆ ಕೊಳ್ಳುವುದನ್ನೇ ಬಿಟ್ಟರು. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಹಾವೇರಿ ಅಕ್ಕನಿಗೆ ನನ್ನ ಪ್ರಶ್ನೆ ಒಂದೇ. ನಿಮ್ಮ ತಂಗಿ ಕಾರ್ಯದರ್ಶಿ ಆಗಿ ಆ ನೂರೈವತ್ತು ಗ್ರಾಂ ಕೇಳುತ್ತಾಳೆ. ಕೇಳುವವಳೇ ಅವಳು. ಮರುದಿನ "ನಾಳೆಯಿಂದ ಕೆಲಸಕ್ಕೆ ಬರಬೇಡ" ಅಂತಾರೆ. ಆವತ್ತು ಅವಳ ಒಲೆ ಹೇಗೆ ಉರಿಯಬೇಕು? ಉಳಿದ ಮೂವತ್ತು ಹೆಂಗಸರು ಅವತ್ತು ಬುಟ್ಟಿ ಕೆಳಗಿಡುತ್ತಾರಾ? ಇಡಲ್ಲ ಅಂದ್ರೆ ಅವಳನ್ನು ಒಬ್ಬಳೇ ಮುಂದೆ ತಳ್ಳಬೇಡಿ. ನಮ್ಮ ಸಂಘಗಳಲ್ಲಿ ಪಂಚಾಯಿತಿಗೆ ಇಬ್ಬರು, ಆರೋಗ್ಯಕ್ಕೆ ಇಬ್ಬರು, ಶಾಲೆಗೆ ಇಬ್ಬರು ಅಂತ ಹಂಚುತ್ತಿದ್ದೆವು. ಏಟು ಬಿದ್ದರೆ ಒಬ್ಬಳ ಬೆನ್ನಿಗೇ ಬೀಳಬಾರದು ಅಂತ.

ಇನ್ನು ಮನಸ್ಸು ನೆಟ್ಟಗಿಲ್ಲ ಅಂದವರಿಗೆ ಹೇಳಿ: ಮೂವತ್ತೈದು ವರ್ಷದಲ್ಲಿ ನಾನು ಮನಸ್ಸು ಪೂರ್ತಿ ನೆಟ್ಟಗಿರುವ ಒಕ್ಕೂಟದ ಕಾರ್ಯದರ್ಶಿಯನ್ನು ನೋಡಿಲ್ಲ. ನಾನೂ ಒಂದು ಕಾಲಕ್ಕೆ ಆಗಿದ್ದೆ.

---

ಒಕ್ಕೂಟದಕ್ಕ, ಹಾವೇರಿ (ಎರಡು ತಿಂಗಳ ನಂತರ)

ತಡ ಆಯ್ತು. ನಡುವೆ ಕೋರ್ಟು, ಚುನಾವಣೆ, ನನಗೆ ಡೆಂಗ್ಯೂ, ಎಲ್ಲಾ ಒಟ್ಟಿಗೆ ಬಂತು.

ಮೂರನೇ ವಾರ್ಡ್ ಅವರು ಕೇಳಿದ ಕೀಲಿ ನನ್ನ ಹತ್ತಿರ ಇತ್ತು. ಒಂಬತ್ತು ವರ್ಷದಿಂದ ನನ್ನ ಬ್ಯಾಗಲ್ಲೇ. ಒಕ್ಕೂಟ ಹೆಂಗಸರದ್ದು ಅಂತ ನಾನು ಎಷ್ಟು ಭಾಷಣ ಮಾಡಿದ್ದೀನೋ ಲೆಕ್ಕ ಇಲ್ಲ. ಬೀರು ತೆಗೆಯಬೇಕಂದ್ರೆ ನನಗೆ ಫೋನ್ ಮಾಡಬೇಕಿತ್ತು. ಓದಿ ನಾಚಿಕೆ ಆಯ್ತು, ಸ್ವಲ್ಪ ಸಿಟ್ಟೂ ಬಂತು, ಇರಲಿ.

ಆ ಹಾಳೆ ಕೇಳಿದೆ. ಅವಳು ಇನ್ನೂ ಇಟ್ಟಿದ್ದಳು. ಒಂದು, ಬುಟ್ಟಿ ತೂಕ. ಎರಡು, ಕೆಲಸದ ಜಾಗದಲ್ಲಿ ಕೈ ತೊಳೆಯಲು ನೀರು, ಸೋಪು. ಮೂರು, ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ನಾಲ್ಕನೆಯದನ್ನು ಹೊಡೆದು ಹಾಕಿದ್ದಳು. ಏನದು ಅಂತ ಕೇಳಲಿಲ್ಲ.

ಮುಂದೆ ಯಾರಾದರೂ ನಡೆದದ್ದನ್ನು ಹೇಳು ಅಂದರೆ ಏನು ಮಾಡೋಣ ಅಂತ ಅವಳನ್ನೇ ಕೇಳಿದೆ. "ಮೈಕ್ ಬ್ಯಾಡ ಅನ್ನಬ್ಯಾಡ್ರಿ ಅಕ್ಕಾರ. ನನಗ ಮೈಕ್ ಬೇಕ. ಏನ್ ಮಾತಾಡ್ಬೇಕು ಅಂತ ನಾನು ಹೇಳ್ತೀನಿ" ಅಂದಳು. ನಾನು ಇನ್ನು ಮೈಕಿನ ಹತ್ತಿರವೇ ಬಿಡಬಾರದು ಅಂತ ಅಂದುಕೊಂಡಿದ್ದೆ. ಅದೂ ನಾನೇ ಮಾಡಿದ ತೀರ್ಮಾನ ಆಗುತ್ತಿತ್ತು.

ಚುನಾವಣೆ ಆಯ್ತು. ಹಳೇ ವಿಷಯ ಎತ್ತಿದರು. ಬೆಳಗಾವಿ ಮಾತು ನಾವು ಎರವಲು ತಂದೆವು: "ಅದು ಕೋರ್ಟಿನ ವಿಷಯ, ಬುಟ್ಟಿ ವಿಷಯ ಮಾತಾಡು." ನಲವತ್ನಾಲ್ಕು ಪ್ರತಿನಿಧಿಗಳಲ್ಲಿ ಇಪ್ಪತ್ತೇಳು ಕೈ ಅವಳಿಗೆ ಎದ್ದವು. ಜಂಟಿ ಕಾರ್ಯದರ್ಶಿ ಅಂತ ಇನ್ನೊಬ್ಬರನ್ನೂ ಆರಿಸಿದೆವು, ಅವರು ಅಂಗನವಾಡಿ ಸಹಾಯಕಿ. ಚೆಕ್ಕಿಗೆ ಇಬ್ಬರ ಸಹಿ. ಪಾಟೀಸವಾಲು ಎರಡು ದಿನ ನಡೆಯಿತು. ಆ ವಾರ ಪೂರ್ತಿ ಸಹಾಯಕಿ ಅಕ್ಕನೇ ನೋಡಿಕೊಂಡರು. ವಿಡಿಯೋ ವಿಷಯ ಎದುರಿನವರು ಎತ್ತಿದರು, ಸರ್ಕಾರಿ ವಕೀಲರು ತಯಾರಿದ್ದರು. ಅಷ್ಟು ಸಾಕು, ಜಾಸ್ತಿ ಬರೆಯಲ್ಲ.

ವಿಜಯಪುರದ ಅಕ್ಕನ ಪ್ರಶ್ನೆಗೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಬುಟ್ಟಿ ಕೆಳಗಿಡುತ್ತೀರಾ ಅಂತ ಕೇಳಿದಾಗ ಮೂವತ್ತರಲ್ಲಿ ಹದಿನೆಂಟು ಜನ ಹೂಂ ಅಂದರು. ಉಳಿದವರು ನೆಲ ನೋಡಿದರು. ವಾರಕ್ಕೆ ಹತ್ತು ರೂಪಾಯಿ ಹಾಕಿ ಒಂದು ಡಬ್ಬಿ ಶುರು ಮಾಡಿದ್ದೇವೆ. ಯಾರನ್ನಾದರೂ ಕೆಲಸದಿಂದ ಬಿಡಿಸಿದರೆ ಅವರಿಗೆ ಅಂತ. ನೆಲ ನೋಡಿದವರಲ್ಲಿ ಆರು ಜನ ಡಬ್ಬಿಗೆ ದುಡ್ಡು ಹಾಕುತ್ತಿದ್ದಾರೆ.

ಕೀಲಿ ಈಗ ಅವಳ ಹತ್ತಿರ ಇದೆ. ಹೋದ ಗುರುವಾರ ಮೀಟಿಂಗಿನ ಚಹಾ, ಗಿರ್ಮಿಟ್ ಖರ್ಚು ಅಂತ 180 ರೂಪಾಯಿಗೆ ನಾನು ವೋಚರ್ ಬರೆದು ಕೊಟ್ಟೆ. ಓದಿದಳು, ಹಿಂದೆ ತಿರುಗಿಸಿ ನೋಡಿದಳು, ನನಗೇ ವಾಪಸ್ ಕೊಟ್ಟಳು.

"ಅಂಗಡಿ ಚೀಟಿ ಇಲ್ಲಲ್ರೀ ಅಕ್ಕಾರ."